ಎಲ್ಲಾ ಸೈಕಲ್ಲಿಗೂ ಆಗುತ್ತೆ ಮೇಡಂ

"ಎಲ್ಲಾ ಸೈಕಲ್ಲಿಗೂ ಆಗುತ್ತೆ ಮೇಡಂ, ತಗೊಂಡ್ ಹೋಗಿ." ಈ ವಾರವೆಲ್ಲ ಈ ಮಾತು ತಲೆಯಿಂದ ಹೋಗಿಲ್ಲ. ತುಮಕೂರಿನ ಟೀಚರೊಬ್ಬರಿಗೆ ಹೀಗೆ ಹೇಳಿ ಅಂಗಡಿಯವರು ಡೈರೆಕ್ಟ್ ಡ್ರೈವ್ ಸ್ಮಾರ್ಟ್ ಟ್ರೇನರ್ ಮಾರಿದ್ದಾರೆ. ನಮ್ಮ ಸೈಕಲ್ಲನ್ನೇ ಜೋಡಿಸಿ ಮನೆಯೊಳಗೆ ನಿಂತಲ್ಲೇ ತುಳಿಯುವ ಯಂತ್ರ ಅದು. ಎಸ್.ಎಸ್. ಪುರಂನ ಮಹಡಿ ಮನೆಗೆ ಇಬ್ಬರು ಹಿಡಿದು ಹತ್ತಿಸಿದ್ದಾಯಿತು, ಡಬ್ಬ ಬಿಚ್ಚಿದ್ದಾಯಿತು, ಸೈಕಲ್ಲಿನ ಹಿಂದಿನ ಚಕ್ರ ಕಳಚಿದ್ದೂ ಆಯಿತು. ಚೈನ್ ಹಾಕಲು ಹೋದರೆ ಟ್ರೇನರ್‌ನಲ್ಲಿ ಹಲ್ಲುಚಕ್ರವೇ ಇಲ್ಲ. "ಅಣ್ಣಾ, ಏನೋ ಪಾರ್ಟ್ ಮಿಸ್ ಆಗಿದೆ, ಬಂದು ನೋಡ್ತೀರಾ?" ಅಂತ ನನಗೆ ಫೋನ್ ಮಾಡಿದರು.

ಯಾವ ಪಾರ್ಟೂ ಮಿಸ್ ಆಗಿರಲಿಲ್ಲ. ಡೈರೆಕ್ಟ್ ಡ್ರೈವ್‌ನಲ್ಲಿ ಹಿಂದಿನ ಚಕ್ರದ ಜಾಗಕ್ಕೆ ಟ್ರೇನರ್ ಕೂರುತ್ತದೆ. ಅದರ ಫ್ರೀಹಬ್ (ಹಲ್ಲುಚಕ್ರ ಕೂರುವ, ತಿರುಗುವ ಭಾಗ) ಮೇಲೆ ನಮ್ಮ ಗೇರಿಗೆ ಹೊಂದುವ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಕಟ್ಟು, ಏರಿಸಿಕೊಳ್ಳಬೇಕು. ಕೆಲವು ಮಾಡೆಲ್‌ಗಳಲ್ಲಿ ಕ್ಯಾಸೆಟ್ ಜೊತೆಗೇ ಬರುತ್ತದೆ, ಕೆಲವದರಲ್ಲಿ ಬೇರೆ ಕೊಳ್ಳಬೇಕು. ಚಕ್ರದಲ್ಲಿರುವುದನ್ನೇ ಬಿಚ್ಚಿ ಹಾಕೋಣವೆಂದರೆ ಅವರದು 7 ಸ್ಪೀಡಿನ ಗೇರ್ ಸೈಕಲ್, ಹಲ್ಲುಗಳನ್ನೆಲ್ಲ ಚಕ್ರದ ನಡುವಿನ ಹಬ್ಬಿಗೆ ತಿರುಪಿ ಕೂರಿಸಿದ ಫ್ರೀವೀಲ್. ಅದು ಫ್ರೀಹಬ್ ಮೇಲೆ ಏನು ಮಾಡಿದರೂ ಕೂರದು.

ಇದನ್ನು ಕಂಡುಹಿಡಿಯಲು ಅಂಗಡಿಯಲ್ಲಿ ಅರ್ಧ ನಿಮಿಷವೂ ಬೇಕಿರಲಿಲ್ಲ. ಹಿಂದಿನ ಹಲ್ಲುಗಳನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ನೋಡಬೇಕು. ನಡುವೆ ಟೂಲ್ ಕೂರುವ ಕಚ್ಚುಗಳಿರುತ್ತವೆ. ಅವೂ ಹಲ್ಲಿನ ಜೊತೆ ತಿರುಗಿದರೆ ಕ್ಯಾಸೆಟ್, ಹಲ್ಲು ಮಾತ್ರ ತಿರುಗಿ ಕಚ್ಚುಗಳು ನಿಂತೇ ಇದ್ದರೆ ಫ್ರೀವೀಲ್. ಆದರೆ ಸೈಕಲ್ಲನ್ನು ಅಂಗಡಿಗೆ ಒಯ್ದೇ ಇರಲಿಲ್ಲ. ತರಲು ಯಾರೂ ಹೇಳಲಿಲ್ಲ, ಫೋಟೋನೂ ಕೇಳಲಿಲ್ಲ. "ಎಲ್ಲಾ ಸೈಕಲ್ಲಿಗೂ ಆಗುತ್ತೆ." ಯಾವ ಸೈಕಲ್ ಅಂತ ಕೇಳದೆ ಈ ಮಾತು ಹೇಗೆ ಬಾಯಿಗೆ ಬರುತ್ತದೋ!

ಟ್ರೇನರ್ ಆರಿಸುವ ಕೆಲಸ ಶುರುವಾಗಬೇಕಾದ್ದು ಸೈಕಲ್ಲಿನ ಹಿಂದಿನ ಚಕ್ರದ ಅಚ್ಚು, ಅಂದರೆ ಆಕ್ಸಲ್‌ನಿಂದ. ಲಿವರ್ ಎತ್ತಿ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಇದ್ದರೆ ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಜಾಗದ ಒಳ ಅಗಲ ರೋಡ್ ಬೈಕಿಗೆ ಸಾಮಾನ್ಯವಾಗಿ 130 ಮಿ.ಮೀ., ಎಂಟಿಬಿಗೆ (ಮೌಂಟೇನ್ ಬೈಕ್) 135. ಡಿಸ್ಕ್ ಬ್ರೇಕಿನ ಹೊಸ ರೋಡ್ ಬೈಕುಗಳಲ್ಲಿ ಹೆಚ್ಚಾಗಿ 12 ಮಿ.ಮೀ. ದಪ್ಪದ, 142 ಮಿ.ಮೀ. ಅಗಲದ, ಫ್ರೇಮಿಗೇ ತಿರುಪಿ ಕೂರಿಸುವ ಥ್ರೂ ಆಕ್ಸಲ್. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಟೀಚರ್ ಸೈಕಲ್ಲಿನಲ್ಲಿರುವುದು ಎರಡು ಕಡೆ ನಟ್ ಬಿಗಿಯುವ ಗಟ್ಟಿ ಆಕ್ಸಲ್.

ಅವರಿಗೆ ನಾನು ಹೇಳುತ್ತಿದ್ದದ್ದು ವೀಲ್ ಆನ್ ಟ್ರೇನರ್. ಹಿಂದಿನ ಚಕ್ರ ಕಳಚಬೇಕಿಲ್ಲ, ಟೈರ್ ಒಂದು ರೋಲರ್ ಮೇಲೆ ಒತ್ತಿಕೊಂಡು ತಿರುಗುತ್ತದೆ. ಮ್ಯಾಗ್ನೆಟಿಕ್ ಆದರೆ ಹ್ಯಾಂಡಲ್ಲಿನ ಲಿವರ್‌ನಿಂದ ಪೆಡಲಿನ ಬಿಗಿ ಬದಲಿಸಬಹುದು. ಫ್ಲೂಯಿಡ್ ಆದರೆ ವೇಗ ಏರಿದಂತೆ ತಾನೇ ಬಿಗಿಯಾಗುತ್ತದೆ, ಸದ್ದೂ ಕಡಿಮೆ. ಸೀಲ್ ಹೋದರೆ ಎಣ್ಣೆ ಸೋರುತ್ತದೆ ಅನ್ನುವುದೊಂದು ತೊಂದರೆ. ನಟ್ ಆಕ್ಸಲ್‌ಗೆ ಅದನ್ನು ಹಿಡಿಯುವ ಟ್ರೇನರ್ ಬಟ್ಟಲಿನಲ್ಲಿ ಸರಿಯಾಗಿ ಕೂರುವ ವಿಶೇಷ ನಟ್ಟುಗಳು ಸಿಗುತ್ತವೆ, ಆಕ್ಸಲ್ಲಿನ ದಪ್ಪ ಮತ್ತು ತಿರುಪು ನೋಡಿ ತರಿಸಬೇಕು. ಗಂಟು ಗಂಟಾದ ಎಂಟಿಬಿ ಟೈರ್ ಮಾತ್ರ ಬೇಡವೇ ಬೇಡ. ರೋಲರ್ ಮೇಲೆ ಅದು ಗುಂಯ್‌ಗುಡುವ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದೇ ಬರುತ್ತಾರೆ. ನಯವಾದ ಟೈರ್ ಹಾಕಿ, ಪ್ರತಿ ಸಲವೂ ಒಂದೇ ಗಾಳಿ ಒತ್ತಡ ಇಟ್ಟು, ರೋಲರ್ ಟೈರಿಗೆ ತಾಗಿದ ಮೇಲೆ ಬಿಗಿಯುವ ತಿರುಪನ್ನು ಎರಡರಿಂದ ಮೂರು ಸುತ್ತು ತಿರುಪಿದರೆ ಸಾಮಾನ್ಯವಾಗಿ ಸಾಕು. ಜೋರಾಗಿ ತುಳಿದಾಗ ಟೈರ್ ಜಾರಿದರೆ ಇನ್ನರ್ಧ ಸುತ್ತು. ಅತಿಯಾಗಿ ಬಿಗಿದರೆ ಟೈರ್ ಕಾದು ರಬ್ಬರ್ ಪುಡಿ ಉದುರುತ್ತದೆ.

ಆದರೆ ಬಂದಿರುವುದು ಡೈರೆಕ್ಟ್ ಡ್ರೈವ್, ಡಬ್ಬ ಒಡೆದಿದೆ ಎಂದು ಅಂಗಡಿಯವರು ವಾಪಸ್ ತಗೊಳ್ಳುತ್ತಿಲ್ಲ. ಹಾಗಾದರೆ ದಾರಿ ಇಷ್ಟು: 7 ಸ್ಪೀಡಿನ ಕ್ಯಾಸೆಟ್ ಬೇರೆ ಕೊಂಡು, ಟ್ರೇನರಿನದು 8ರಿಂದ 10 ಸ್ಪೀಡಿನ ಫ್ರೀಹಬ್ ಆದರೆ ಕ್ಯಾಸೆಟ್ಟಿನ ಹಿಂದೆ 4.5 ಮಿ.ಮೀ. ಸ್ಪೇಸರ್ ಕೂರಿಸಬೇಕು. 11 ಸ್ಪೀಡಿನ ಹಬ್ ಆದರೆ ಅದರ ಜೊತೆ 1.85 ಮಿ.ಮೀ. ತೆಳು ರಿಂಗ್ ಇನ್ನೊಂದು. ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಬಿಗಿಯುವುದು 40 ನ್ಯೂಟನ್ ಮೀಟರ್. ಆಮೇಲೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೈಲರ್ ನೋಡಬೇಕು. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಅದನ್ನು ತೂಗುಹಾಕುವ ಹ್ಯಾಂಗರ್ ಫ್ರೇಮಿನ ಭಾಗವಾಗಿರದೆ, ಆಕ್ಸಲ್ ನಟ್ಟಿನಡಿ ಸಿಕ್ಕಿಸಿದ ಕಬ್ಬಿಣದ ಪಟ್ಟಿಯಾಗಿರುವುದುಂಟು. ಚಕ್ರ ತೆಗೆದ ಕೂಡಲೇ ಅದು ಸಡಿಲಾಗಿ ಓಲಾಡುತ್ತದೆ. ಟೀಚರ್ ಸೈಕಲ್ಲಿನಲ್ಲಿ ಹ್ಯಾಂಗರ್ ಫ್ರೇಮಿನದ್ದೇ, ಅದೊಂದು ಪುಣ್ಯ.

"ಇಷ್ಟು ದುಡ್ಡಿಗೆ ಟ್ರೆಡ್‌ಮಿಲ್ಲೇ ಬರ್ತಿತ್ತಲ್ವಾ" ಅಂದರು ಅವರ ಯಜಮಾನರು, ಸೋಫಾದಿಂದ ಏಳದೆ. ಭಾನುವಾರ ಬೆಳಗ್ಗೆ ಗೆಳೆಯರ ಜೊತೆ ದೇವರಾಯನದುರ್ಗ ಬೆಟ್ಟ ಹತ್ತಿ ಬರುವುದು ಅವರೇ. ಟೀಚರಿಗೆ ಸಿಗುವುದು ರಾತ್ರಿ ಮಗು ಮಲಗಿದ ಮೇಲಿನ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಬಿ.ಎಚ್. ರೋಡಿಗೆ ಸೈಕಲ್ ಇಳಿಸಲು ಯಾವ ಹೆಂಗಸಿಗೂ ಮನಸ್ಸು ಬರದು. ಟ್ರೇನರ್ ಅವರಿಗೆ ಶೋಕಿಯಲ್ಲ, ಇರುವ ಒಂದೇ ರಸ್ತೆ. ಅಂಗಡಿಯವರಿಗೂ ಕೇಳಬೇಕಾದ್ದು ಇದೇ ಇತ್ತು: ಯಾರು ತುಳೀತಾರೆ, ಎಷ್ಟು ಹೊತ್ತಿಗೆ, ಮನೆ ಮಹಡಿ ಮೇಲೋ ಕೆಳಗೋ? ಟೀಚರ್ ಹೇಳಿದ ಇನ್ನೊಂದು ವಿಷಯ ನನಗೆ ಇನ್ನೂ ಚುಚ್ಚುತ್ತಿದೆ. ಅವರು ಪ್ರಶ್ನೆ ಕೇಳುತ್ತಿದ್ದರು, ಅಂಗಡಿಯಾತ ಉತ್ತರ ಕೊಡುತ್ತಿದ್ದದ್ದು ಪಕ್ಕದಲ್ಲಿದ್ದ ಯಜಮಾನರ ಮುಖ ನೋಡಿ. "ಮೇಡಂ" ಅಂದದ್ದು "ತಗೊಂಡ್ ಹೋಗಿ" ಅನ್ನುವಾಗ ಮಾತ್ರ. ನಮ್ಮೂರುಗಳಲ್ಲಿ ಮಿಕ್ಸಿ ಬಿಟ್ಟು ಬೇರೆ ಯಾವ ಯಂತ್ರ ಕೊಳ್ಳಲು ಹೋದರೂ ಹೆಂಗಸರಿಗೆ ಇದೇ ಮರ್ಯಾದೆ. ಹೊಲಿಗೆ ಯಂತ್ರದ ಸೂಜಿ ನಂಬರ್ ನೋಡಿಯೇ ಕೊಳ್ಳುವವರು ಆಕ್ಸಲ್ ಅಳತೆ ಕೇಳಿದ್ದರೆ ಹೇಳುತ್ತಿರಲಿಲ್ಲವೇ?

ಕೋಣೆಯ ಮಾತನ್ನೂ ಯಾರೂ ಹೇಳಿರಲಿಲ್ಲ. ನಾವು ಪೆಡಲಿಗೆ 150 ವ್ಯಾಟ್ ಕೊಟ್ಟರೆ ಮೈ ಅದರ ಮೂರು ನಾಲ್ಕು ಪಟ್ಟು ಶಾಖ ಹೊರಗೆ ಹಾಕುತ್ತದೆ, ಅಂದರೆ 500 ವ್ಯಾಟಿನ ಆಸುಪಾಸು. ರಸ್ತೆಯಲ್ಲಿ ಎದುರುಗಾಳಿ ಅದನ್ನು ಒಯ್ಯುತ್ತದೆ, ಕೋಣೆಯಲ್ಲಿ ಒಯ್ಯುವವರಿಲ್ಲ. ಸೀಲಿಂಗ್ ಫ್ಯಾನ್ ಸಾಲದು. ಪೆಡೆಸ್ಟಲ್ ಫ್ಯಾನ್ ಎದೆಗೆ ನೇರವಾಗಿ ಇಡಬೇಕು. ಹ್ಯಾಂಡಲ್ ಮೇಲೆ ಟವೆಲ್ ಹಾಸಲೇಬೇಕು, ಇಲ್ಲದಿದ್ದರೆ ಉಪ್ಪು ಬೆವರು ಹ್ಯಾಂಡಲ್ ತಿರುಗುವ ಬೇರಿಂಗಾದ ಹೆಡ್‌ಸೆಟ್ಟಿಗೂ ಸ್ಟೆಮ್ ಬೋಲ್ಟುಗಳಿಗೂ ಇಳಿದು ತುಕ್ಕು ಹಿಡಿಸುತ್ತದೆ. ಡೈರೆಕ್ಟ್ ಡ್ರೈವ್‌ಗೆ ಸದ್ದು ಕಡಿಮೆ ನಿಜ, ಆದರೆ ಅದುರು ಟೈಲ್ಸ್ ಮೂಲಕ ಕೆಳಗಿಳಿಯುತ್ತದೆ. ದಪ್ಪ ರಬ್ಬರ್ ಮ್ಯಾಟ್ ಬೇಕು. ಕರೆಂಟ್ ಹೋದರೆ ಹೆಚ್ಚಿನ ಸ್ಮಾರ್ಟ್ ಟ್ರೇನರುಗಳಲ್ಲಿ ಪೆಡಲಿನ ಬಿಗಿ ತಪ್ಪುತ್ತದೆ, ಅದಕ್ಕೆ ಇನ್ವರ್ಟರ್ ಲೈನಿನ ಪ್ಲಗ್ಗಿಗೇ ಕೊಡಬೇಕು. ಆ್ಯಪ್ ವಿಷಯಕ್ಕೆ ತಲೆಬಿಸಿ ಬೇಡ: ಇಂದಿನ ಟ್ರೇನರ್‌ಗಳು ಬ್ಲೂಟೂತ್‌ನಲ್ಲೇ ಫೋನಿಗೆ ಸೇರುತ್ತವೆ, ಟ್ರೇನರ್ ಜೊತೆ ಬಳಸುವ ಆ್ಯಪ್‌ಗಳಲ್ಲಿ ಜ್ವಿಫ್ಟ್‌ಗೆ ತಿಂಗಳ ಚಂದಾ ಬೇಕು, ಮೈವೂಶ್ ಪುಕ್ಕಟೆ.

ಕ್ಯಾಸೆಟ್ಟು, ಸ್ಪೇಸರ್ ಬೆಂಗಳೂರಿನಿಂದ ಬರಬೇಕು. ಬಿಲ್ಲಿನ ಹಿಂದೆ ಟೀಚರ್ ಹಲ್ಲಿನ ಸಂಖ್ಯೆ, ಸ್ಪೇಸರ್ ಅಳತೆ, ಲಾಕ್‌ರಿಂಗಿನ ಬಿಗಿ ಎಲ್ಲ ಬರೆದುಕೊಂಡರು. ಬರೆದು ಮುಗಿಸಿ, ಬಿಗಿಯುವ ಕೆಲಸ ತಾನೇ ಮಾಡುತ್ತೇನೆ, ಟಾರ್ಕ್ ಸ್ಪ್ಯಾನರ್ ಮಾತ್ರ ತಂದುಕೊಡಿ ಅಂದರು.