‘ಕೋಳಿ ಕೋಡಗನ್ನ ಹೆಂಗ ನುಂಗ್ತೈತ್ರೀ?’

ಭಜನಿ ಮುಗಿದು ಹಾರ್ಮೋನಿಯಂ ಮುಚ್ಚುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಆ ಪದದಾಗ ಕೋಳಿ ಅಂದ್ರ ಏನ್ರೀ, ಕೋಡಗ ಅಂದ್ರ ಏನು?’ ಶಿಶುನಾಳ ಶರೀಫರ (1819–1889) ‘ಕೋಡಗನ ಕೋಳಿ ನುಂಗಿತ್ತ’ ಹಾಡಿದ ದಿನವಂತೂ ಈ ಪ್ರಶ್ನೆ ತಪ್ಪುವುದಿಲ್ಲ.

ಕೇಳುವವರಿಗೆ ಬೇಕಾಗಿರುವುದು ಒಂದು ಪಟ್ಟಿ. ಕೋಡಗ ಅಂದರೆ ಕೋತಿ, ಅಂದರೆ ಚಂಚಲ ಮನಸ್ಸು. ಬೆಳಗಾಯಿತೆಂದು ಕೂಗುವ ಕೋಳಿ ಅಂದರೆ ಅರಿವು. ಈ ಅರ್ಥ ಬಹಳ ಮಂದಿ ಹೇಳುತ್ತಾರೆ, ನನಗೂ ಒಪ್ಪಿಗೆ. ಆದರೆ ಅದೇ ಪಟ್ಟಿ ಹಿಡಿದು ಮುಂದಿನ ‘ಆಡು ಆನೆಯ ನುಂಗಿ’ ಸಾಲಿಗೆ ಹೋಗಿ ನೋಡಿ, ಪರದಾಟ ಶುರು. ಆಡು ಯಾವ ತತ್ವ, ಆನೆ ಯಾವ ತತ್ವ? ‘ಗೋಡೆ ಸುಣ್ಣವ ನುಂಗಿ’ ಅನ್ನುತ್ತಾರಲ್ಲ, ಆ ಸುಣ್ಣ? ಸುಣ್ಣಕ್ಕೂ ಯೋಗದ ಒಂದು ಚಕ್ರ, ಒಂದು ನಾಡಿ ಗಂಟು ಹಾಕುವ ಪಂಡಿತರಿದ್ದಾರೆ. ಅವರಿಗೆ ದೂರದಿಂದಲೇ ಶರಣು.

ನಾನು ಹೇಳುವುದಿಷ್ಟು: ತತ್ವ ಆಮೇಲೆ, ಮೊದಲು ಮನೆಯೊಳಗೆ ಕಣ್ಣಾಡಿಸಿ. ಒಣಗಿದ ಮಣ್ಣಿನ ಗೋಡೆಗೆ ಮೊದಲ ಕೈ ಸುಣ್ಣ ಬಳಿದರೆ ಅದು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಗೋಡೆ ನಿಜಕ್ಕೂ ನುಂಗಿರುತ್ತದೆ. ಒಳ್ಳು, ಅಂದರೆ ಒರಳು, ಒನಕೆಯನ್ನು ನುಂಗುವುದು, ಬೀಸುವ ಕಲ್ಲು ಗೂಟವನ್ನು ನುಂಗುವುದು ದಿನಾ ಕಾಣುವ ಸಂಗತಿ. ‘ಮಗ್ಗದಾಗಿರುವ ಅಣ್ಣನ ಕುಣಿಯು ನುಂಗಿತ್ತ’ ಎಂಬ ಸಾಲು ನೇಕಾರರ ಊರಾದ ನಮ್ಮ ಗದಗ-ಬೆಟಗೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಣಿಮಗ್ಗದಲ್ಲಿ ನೇಯುವವನು ನೆಲದ ಅಂಚಿಗೆ ಕೂತು ಕಾಲನ್ನು ಕುಣಿಯೊಳಗೆ, ಅಂದರೆ ಗುಂಡಿಯೊಳಗೆ, ಇಳಿಬಿಟ್ಟು ತುಳಿಯುತ್ತಾನೆ. ಬಾಗಿಲಲ್ಲಿ ನಿಂತು ನೋಡಿದರೆ ಸೊಂಟದ ಮೇಲಿನ ಅರ್ಧ ಮನುಷ್ಯ ಮಾತ್ರ ಕಾಣುತ್ತಾನೆ, ಲಾಳಿ ಅತ್ತಿಂದಿತ್ತ ಓಡುತ್ತಿರುತ್ತದೆ. ಉಳಿದರ್ಧ ಎಲ್ಲಿ? ಕುಣಿಯ ಹೊಟ್ಟೆಯಲ್ಲಿ.

ಶರೀಫರ ಚಮತ್ಕಾರ ಇರುವುದು ಇಲ್ಲೇ. ಆಡು ಆನೆಯನ್ನು ನುಂಗುವ ಅಸಾಧ್ಯದ ಪಕ್ಕದಲ್ಲೇ ಒಳ್ಳು-ಒನಕೆಯನ್ನು ಇಡುತ್ತಾರೆ. ಯಾವುದು ಆಗುವಂಥದ್ದು, ಯಾವುದು ಆಗದ್ದು ಎಂದು ಲೆಕ್ಕ ಹಾಕುತ್ತಿರುವಾಗಲೇ ಕೊನೆಯ ಸಾಲು ಬಂದುಬಿಡುತ್ತದೆ: ‘ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತ.’ ಗುರು ಅಂದರೆ ಕಳಸದ ಗೋವಿಂದ ಭಟ್ಟರು. ಅಲ್ಲಿಯವರೆಗೆ ‘ನೋಡವ್ವ ತಂಗಿ’ ಎಂದು ತಂಗಿಗೆ ಊರ ವಿಚಿತ್ರ ತೋರಿಸುತ್ತಿದ್ದವನೇ ಈಗ ತುತ್ತಾದ. ಒಂದು ಇನ್ನೊಂದನ್ನು ನುಂಗುವ ಅಷ್ಟೂ ಸಾಲುಗಳು ಈ ಒಂದು ಸಾಲಿಗೆ ಮಾಡಿದ ತಯಾರಿ. ಈ ಜಾಡು ಹಳೆಯದು, 12ನೇ ಶತಮಾನದ ಅಲ್ಲಮನ ಬೆಡಗಿನ ವಚನಗಳಿಂದ, ಅಂದರೆ ಒಗಟಿನಂಥ ವಚನಗಳಿಂದ, ಬಂದದ್ದು. ಆ ವಚನಗಳಿಗೂ ಟೀಕು, ಅಂದರೆ ಅರ್ಥವಿವರಣೆ, ಬರೆದವರಿದ್ದಾರೆ. ಟೀಕು ಓದಿ, ಬೇಡ ಅನ್ನುವುದಿಲ್ಲ. ಆದರೆ ಪದ ಕೇಳಿದ ಮೇಲೆ ಓದಿ.

ಇಷ್ಟಾದರೂ ‘ಅರ್ಥ ಹೇಳ್ರೀ’ ಎಂದು ಪಟ್ಟು ಹಿಡಿದವರಿಗೆ ನಾನು ‘ಸೋರುತಿಹುದು ಮನೆಯ ಮಾಳಿಗಿ’ ಹಾಡುತ್ತೇನೆ. ಅಲ್ಲಿ ಶರೀಫರೇ ಮೊದಲ ಸಾಲಿನಲ್ಲಿ ‘ಅಜ್ಞಾನದಿಂದ’ ಎಂದು ಬೀಗದ ಕೈ ಕೊಟ್ಟುಬಿಟ್ಟಿದ್ದಾರೆ. ಮನೆ ಅಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಆದರೂ ಆಷಾಢದ ಮಳೆಯಲ್ಲಿ ಹಾಡಿದಾಗ, ಮಣ್ಣಿನ ಮಾಳಿಗೆಯ ಮನೆಯವರು ತಲೆದೂಗುವುದು ಅಜ್ಞಾನಕ್ಕಲ್ಲ, ‘ಮುರುಕು ತೊಲೆಯು ಹುಳುಕು ಜಂತಿ’ಗೆ.