ಕೈಯಿಂದ ಕೈಗೆ ಬಂದ ಸಮಾಧಾನ

ನಮ್ಮ ಕ್ರೈಸ್ತ ಸಭೆಯಲ್ಲಿ, ಬೆಳೆಯನ್ನು ದೇವರಿಗೆ ಕಾಣಿಕೆಯಾಗಿ ತರುವ ಸುಗ್ಗಿ ಹಬ್ಬ ನವೆಂಬರಿನಲ್ಲಿ ಬರುತ್ತದೆ. ಬೆಂಗಳೂರಿನ ನಡುವೆ ಯಾರಿಗೆ ಹೊಲವಿದೆ? ಹಿಂದಿನ ಸಂಜೆ ಕೆ.ಆರ್. ಮಾರುಕಟ್ಟೆಗೆ ಹೋಗಿ ಬಾಳೆಗೊನೆ, ಕಬ್ಬು, ಕುಂಬಳಕಾಯಿ ತರುತ್ತೇವೆ. ಕನಕಪುರದ ಕಡೆ ತುಂಡು ನೆಲ ಉಳಿಸಿಕೊಂಡವರು ರಾಗಿ ತೆನೆ ತರುತ್ತಾರೆ. ಕೆಲವರು ಮನೆಯಲ್ಲಿ ಕೋಡುಬಳೆ ಕರಿದು ಡಬ್ಬಿಯಲ್ಲಿ ತಂದಿಡುತ್ತಾರೆ. ಕೊಂಡು ತಂದದ್ದೂ ಸುಗ್ಗಿಯೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಸಂಬಳವೂ ದೇವರು ಕೊಟ್ಟ ಬೆಳೆ.

ಈ ವರ್ಷ ನಾನು ಸಿಹಿಗುಂಬಳವೊಂದನ್ನು ಹೊತ್ತು ಹೋದೆ. ದೇವಾಲಯದ ಮೆಟ್ಟಿಲು ಹತ್ತಿ ಮೂರು ವರ್ಷಗಳಾಗಿದ್ದವು.

ಬಿಟ್ಟದ್ದಕ್ಕೆ ಕಾರಣ ಒಂದು ಮಾತು. ಸಭೆಯ ಸಾಮಾನ್ಯ ಕೂಟದಲ್ಲಿ ಛಾವಣಿ ದುರಸ್ತಿಯ ಲೆಕ್ಕ ಕೇಳಿದ್ದೆ. ‘ಕೇಳುವುದಕ್ಕೆ ನೀನು ಕೊಟ್ಟದ್ದಾದರೂ ಎಷ್ಟು?’ ಎಂದರು ಹಿರಿಯರೊಬ್ಬರು, ಎಲ್ಲರೆದುರು. ಭಾನುವಾರ ಶಾಲೆಯಲ್ಲಿ ನನಗೆ ಬೈಬಲಿನ 23ನೆಯ ಕೀರ್ತನೆಯನ್ನು ಬಾಯಿಪಾಠ ಮಾಡಿಸಿದವರು ಅವರೇ. ಅದರಿಂದಲೇ ಹೆಚ್ಚು ನೋವಾಯಿತು. 2020ರ ಲಾಕ್‌ಡೌನ್ ಮೊಬೈಲಿನಲ್ಲಿ ಆರಾಧನೆ ನೋಡುವುದನ್ನು ಕಲಿಸಿತ್ತಲ್ಲ, ಮತ್ತೆ ಅದಕ್ಕೇ ಮರಳಿದೆ. ಬೇಕಾದ ಬೋಧಕರನ್ನು ಆರಿಸಿಕೊಳ್ಳಬಹುದು, ಹಿಡಿಸದ ಹಾಡನ್ನು ಮುಂದಕ್ಕೆ ಸರಿಸಬಹುದು. ಹಾಸಿಗೆ ಹಿಡಿದವರಿಗೆ ಅದು ನಿಜವಾಗಿಯೂ ವರ. ನಾನು ಹಾಸಿಗೆ ಹಿಡಿದವನಾಗಿರಲಿಲ್ಲ.

ದೇವರನ್ನು ಬಿಟ್ಟಿಲ್ಲ, ಸಭೆಯನ್ನು ಮಾತ್ರ ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಆದರೆ ಪ್ರಾರ್ಥನೆಯಲ್ಲಿ ನಾನು ಹೇಳುತ್ತಿದ್ದ ಹೆಸರುಗಳು ಒಂದೊಂದಾಗಿ ಉದುರಿ, ಕೊನೆಗೆ ನನ್ನ ಮನೆಯವರ ಹೆಸರುಗಳಷ್ಟೇ ಉಳಿದವು. ಯಾರ ಮಗಳಿಗೆ ಹೆರಿಗೆ, ಯಾರ ಕೆಲಸ ಹೋಯಿತು ಎಂಬುದೇ ತಿಳಿಯದವನು ಯಾರಿಗಾಗಿ ಪ್ರಾರ್ಥಿಸಲಿ?

ಆ ದಿನಗಳಲ್ಲಿ ಬೈಬಲಿನಲ್ಲಿ ಪೌಲನು ಫಿಲೆಮೋನನಿಗೆ ಬರೆದ ಪತ್ರವನ್ನು ಓದಿದೆ. ಒಂದೇ ಅಧ್ಯಾಯ. ಸೆರೆಯಲ್ಲಿದ್ದ ಪೌಲನು ದಾಸನಾಗಿದ್ದ ಒನೇಸಿಮನನ್ನು ಅವನ ಯಜಮಾನನಾದ ಫಿಲೆಮೋನನ ಬಳಿಗೇ ತಿರುಗಿ ಕಳುಹಿಸುತ್ತಾನೆ, ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಬೇಡುತ್ತಾನೆ. ಇಬ್ಬರ ನಡುವಿನ ವಿಷಯ. ಆದರೂ ಪತ್ರದ ಮೊದಲಲ್ಲೇ ‘ನಿನ್ನ ಮನೆಯಲ್ಲಿ ಕೂಡುವ ಸಭೆಗೆ’ ವಂದನೆ ಇದೆ. ಎಂದರೆ ಆ ಸಂಧಾನ ಹತ್ತಾರು ಕಣ್ಣುಗಳ ಮುಂದೆ ಆಗಬೇಕಿತ್ತು. ಎಷ್ಟೋ ಸಲ ಓದಿದ್ದರೂ ಆ ಸಾಲು ಮೊದಲ ಬಾರಿಗೆ ನನ್ನನ್ನು ತಡೆದು ನಿಲ್ಲಿಸಿತು.

ಹಬ್ಬದ ದಿನ ಕರ್ತನ ಭೋಜನದ ಆರಾಧನೆ, ಎಂದರೆ ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ ಇತ್ತು. ನಾವು ಸೇರಿರುವ ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಆರಾಧನಾ ಕ್ರಮ ಮೊದಲು ಬಳಕೆಗೆ ಬಂದದ್ದು 1950ರಲ್ಲಿ. ಅದರಲ್ಲಿ ಕಾಣಿಕೆಗೆ ಮುಂಚೆ ಸಮಾಧಾನ ಹಂಚಿಕೊಳ್ಳುವ ಪದ್ಧತಿಯಿದೆ. ಕೇರಳದ ಸಿರಿಯನ್ ಕ್ರೈಸ್ತರ ವಾಡಿಕೆಯಿಂದ ಬಂದದ್ದು ಅದು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಇಡುತ್ತಾರೆ, ಇಬ್ಬರ ಎಡಗೈಗಳೂ ಮೇಲೆ ಮುಚ್ಚಿಕೊಳ್ಳುತ್ತವೆ. ಸಭಾಪಾಲಕರ ಕೈಯಿಂದ ಹೊರಟದ್ದು ಸಾಲಿನಿಂದ ಸಾಲಿಗೆ, ಒಬ್ಬರಿಂದ ಒಬ್ಬರಿಗೆ ಬರುತ್ತದೆ. ನಿಮಗೆ ತಂದುಕೊಡುವವರು ಯಾರೆಂಬ ಆಯ್ಕೆ ನಿಮ್ಮದಲ್ಲ.

ನನ್ನ ಸಾಲಿಗೆ ಅದನ್ನು ತಂದವರು ಆ ಹಿರಿಯರು.

ಅವರ ಕೈ ನಡುಗುತ್ತಿತ್ತು. ವಯಸ್ಸೋ, ಬೇರೆ ಏನೋ, ನಾನು ಹೇಳಲಾರೆ. ‘ದೇವರ ಸಮಾಧಾನ’ ಎಂದರು. ಗಂಟಲು ಕಟ್ಟಿತು, ಆದರೂ ಹೇಳಿದೆ. ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಅವನೊಂದಿಗೆ ಒಂದಾಗು ಎಂದವನು ಯೇಸು. ನನ್ನ ಕುಂಬಳಕಾಯಿ ಆಗಲೇ ಕರ್ತನ ಮೇಜಿನ ಬಳಿ ಕುಳಿತಿತ್ತು. ಅದಕ್ಕೆ ಬೆಲೆ ಬಂದದ್ದು ಆ ಕ್ಷಣದಲ್ಲಿ.

ಒಂದಾಗುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ನಮ್ಮ ಊರಿನ ದೇವಾಲಯಗಳೇ ಹೇಳುತ್ತವೆ. 1904ರ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮಿಷನ್ನಿನದು, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು. ನಡೆದೇ ಹೋಗುವಷ್ಟು ಹತ್ತಿರ, ಎರಡರಲ್ಲೂ ಕನ್ನಡದ ಆರಾಧನೆ, ಆದರೂ ಆಗ ಬೇರೆ ಬೇರೆ ಪಂಗಡಗಳು. ಇವೂ ಇಂಗ್ಲೆಂಡಿನ ಸಭೆಯ ಪರಂಪರೆಯ ಆಂಗ್ಲಿಕನ್ನರೂ ಒಂದೇ ದಕ್ಷಿಣ ಭಾರತ ಸಭೆಯಾಗಲು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ 1947ರ ಸೆಪ್ಟೆಂಬರ್ 27ರವರೆಗೆ ನಡೆಯಬೇಕಾಯಿತು. ಇಪ್ಪತ್ತೆಂಟು ವರ್ಷ ಎದ್ದುಹೋಗದೆ ಕುಳಿತವರನ್ನು ನೆನೆದಾಗ ನನ್ನ ಮೂರು ವರ್ಷಗಳಿಗೆ ನಾಚಿಕೆಯಾಗುತ್ತದೆ.

ಆರಾಧನೆಯ ನಂತರ ಅಂಗಳದಲ್ಲಿ ಕಾಣಿಕೆಗಳ ಹರಾಜು. ಕೊಂಡವರು ತಿರುಗಿ ಕೊಟ್ಟುಬಿಡುವುದರಿಂದ ಒಂದು ನಿಂಬೆಹಣ್ಣು ಐದು ಸಲ ಮಾರಾಟವಾಯಿತು. ಮಕ್ಕಳು ಕಬ್ಬು ಸಿಗಿಯುತ್ತಿದ್ದರು. ನನ್ನ ಕುಂಬಳಕಾಯಿಯನ್ನು ಯಾರೋ ಹೊಸ ದಂಪತಿ ಕೊಂಡರು. ಅವರ ಹೆಸರು ಕೇಳಿಕೊಂಡೆ, ಆ ರಾತ್ರಿಯ ಪ್ರಾರ್ಥನೆಗೆ.

ಛಾವಣಿಯ ಲೆಕ್ಕ ಇನ್ನೂ ಬಗೆಹರಿದಿಲ್ಲ. ಮುಂದಿನ ಕೂಟದಲ್ಲಿ ಮತ್ತೆ ಕೇಳುವವನಿದ್ದೇನೆ, ಆ ಹಿರಿಯರ ಪಕ್ಕದಲ್ಲಿಯೇ ಕುಳಿತು.