ನಾಲ್ಕು ನಿಮಿಷದ ಕತ್ತಲೆಗೆ ಹೋಗಿ ಬಂದೆವು

"ಸೂರ್ಯ ನೂರಕ್ಕೆ ತೊಂಬತ್ತೊಂಬತ್ತು ಭಾಗ ಇಲ್ಲೇ ಮುಚ್ಚುತ್ತೆ ಕಣೋ, ಉಳಿದ ಒಂದಕ್ಕೆ ಅಷ್ಟು ದೂರ ಯಾಕೆ?" ಎಂದ ಗೆಳೆಯ ಅಮೆರಿಕದ ಸೇಂಟ್ ಲೂಯಿಸ್‌ನಲ್ಲೇ ಉಳಿದ. ನಾವಿಬ್ಬರು ಬೆಳಗಿನ ಜಾವ ನಾಲ್ಕಕ್ಕೇ ಕಾರು ಹತ್ತಿ ದಕ್ಷಿಣ ಇಲಿನಾಯ್‌ನ ಕಾರ್ಬನ್‌ಡೇಲ್‌ಗೆ ಹೊರಟೆವು. 2024ರ ಏಪ್ರಿಲ್ 8, ಖಗ್ರಾಸ ಸೂರ್ಯಗ್ರಹಣದ ದಿನ, ಅಂದರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವ ದಿನ. ಎರಡು ಗಂಟೆಯ ದಾರಿ.

ಅವನ ಲೆಕ್ಕ ತಪ್ಪಿದ್ದು ಎಲ್ಲಿ ಗೊತ್ತಾ? ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನದಕ್ಕಿಂತ ಸುಮಾರು 4 ಲಕ್ಷ ಪಟ್ಟು ಜಾಸ್ತಿ. ನೂರರಲ್ಲಿ ಒಂದು ಪಾಲು ಉಳಿದರೂ ಅದು 4 ಸಾವಿರ ಹುಣ್ಣಿಮೆಯಷ್ಟಾಯಿತು. ಸೂರ್ಯನ ಸುತ್ತಲಿನ ಬೆಳ್ಳಗಿನ ಹೊರವಲಯದ, ಅಂದರೆ ಕರೋನಾದ ಬೆಳಕು ಹೆಚ್ಚುಕಡಿಮೆ ಒಂದೇ ಹುಣ್ಣಿಮೆಯಷ್ಟು. ಅದು ಕಾಣಬೇಕೆಂದರೆ ನೀವು ಖಗ್ರಾಸದ ಪಟ್ಟಿಯೊಳಗೇ, ಅಂದರೆ ಚಂದ್ರನ ದಟ್ಟ ನೆರಳು ಹಾದುಹೋಗುವ ದಾರಿಯಲ್ಲೇ ನಿಂತಿರಬೇಕು. ಆ ಸಲ ಅಲ್ಲಿ ಪಟ್ಟಿಯ ಅಗಲ ಸುಮಾರು 180 ಕಿ.ಮೀ. ಅಂಚಿನಲ್ಲಿ ನಿಂತರೆ ಕೆಲವೇ ಸೆಕೆಂಡು ಸಿಗುತ್ತದೆ. ನಡುಗೆರೆಯ ಹತ್ತಿರ ಹೋದಷ್ಟೂ ಲಾಭ. ಕಾರ್ಬನ್‌ಡೇಲ್‌ನಲ್ಲಿ ನಮಗೆ ಸಿಕ್ಕಿದ್ದು 4 ನಿಮಿಷ 9 ಸೆಕೆಂಡು.

ಪಟ್ಟಿಯೊಳಗೇ ಒಂದು ರೂಮ್ ಬುಕ್ ಮಾಡಿದ್ದೆವು. ಎರಡು ತಿಂಗಳು ಇದೆ ಅನ್ನುವಾಗ ಹೋಟೆಲ್‌ನವರು ಸುಮ್ನೆ ಕ್ಯಾನ್ಸಲ್ ಮಾಡಿಬಿಟ್ಟರು. ಮತ್ತೆ ನೋಡಿದರೆ ದರ ಮುಗಿಲು ಮುಟ್ಟಿತ್ತು. ಅದಕ್ಕೇ ಸೇಂಟ್ ಲೂಯಿಸ್‌. ನೀವು ಬುಕ್ ಮಾಡಿದ ಮೇಲೂ ಆಗಾಗ ಫೋನ್ ಮಾಡಿ ವಿಚಾರಿಸಿಕೊಳ್ಳುತ್ತಿರಿ.

ಒಂದೇ ಜಾಗಕ್ಕೆ ಖಗ್ರಾಸ ಬರುವುದು ಸರಾಸರಿ 375 ವರ್ಷಕ್ಕೊಮ್ಮೆ. ಕಾರ್ಬನ್‌ಡೇಲ್‌ಗೆ ಏಳೇ ವರ್ಷದಲ್ಲಿ ಎರಡು ಬಂದವು! 2017ರ ಆಗಸ್ಟ್ 21ರಂದು ಮಾತ್ರ ಸರಿಯಾದ ಹೊತ್ತಿಗೇ ಮೋಡ ಬಂದು, ಊರಿನ ಸ್ಟೇಡಿಯಂನಲ್ಲಿ ಸೇರಿದ್ದವರಿಗೆ ಸರಿಯಾಗಿ ಕಾಣಲಿಲ್ಲ. ಹಾಗಾಗಿ ಎರಡು ದಿನ ಮೊದಲಿನಿಂದ ಮೋಡದ ಮುನ್ಸೂಚನೆ ನೋಡುತ್ತಿರಿ. ಕೈಯಲ್ಲಿ ವಾಹನ ಇರಲಿ, ಟ್ಯಾಂಕ್ ತುಂಬಿರಲಿ. ನಮ್ಮ ಅದೃಷ್ಟಕ್ಕೆ ತೆಳು ಮೋಡ ಬಿಟ್ಟರೆ ಆಕಾಶ ತಿಳಿಯಾಗಿತ್ತು.

ಕಾಯುತ್ತಾ ಕೂತಾಗ ತಲೆಯಲ್ಲಿ ಇದೇ ಓಡುತ್ತಿತ್ತು. ಸೂರ್ಯನ ಅಡ್ಡಳತೆ ಚಂದ್ರನ 400 ಪಟ್ಟು. ದೂರವೂ ಸುಮಾರು ಅಷ್ಟೇ ಪಟ್ಟು. ಅದಕ್ಕೇ ನಮ್ಮ ಕಣ್ಣಿಗೆ ಎರಡೂ ಒಂದೇ ಗಾತ್ರ. ಹೀಗೇ ಇರಬೇಕೆಂಬ ನಿಯಮವೇನೂ ಇಲ್ಲ, ಬರೀ ಕಾಕತಾಳೀಯ. ಹೊಂದಾಣಿಕೆ ಎಷ್ಟು ಬಿಗಿ ಅಂದರೆ, ಆರು ತಿಂಗಳ ಹಿಂದೆ, 2023ರ ಅಕ್ಟೋಬರ್ 14ಕ್ಕೆ, ಚಂದ್ರ ಸ್ವಲ್ಪ ದೂರ ಇದ್ದ ಅಷ್ಟೇ, ಆಗಿದ್ದು ಕಂಕಣ ಗ್ರಹಣ, ಸೂರ್ಯನ ಅಂಚು ಬಳೆಯ ಹಾಗೆ ಉಳಿದುಬಿಟ್ಟಿತು. ಈ ಸಲ ಅವನು ಭೂಮಿಗೆ ತೀರಾ ಹತ್ತಿರ ಬಂದು ಒಂದೇ ದಿನವಾಗಿತ್ತು. ಅವನು ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಲೇ ಇದ್ದಾನೆ. ಸುಮಾರು 60 ಕೋಟಿ ವರ್ಷ ಕಳೆದರೆ ಖಗ್ರಾಸವೇ ಇರುವುದಿಲ್ಲ. ಡೈನೋಸಾರ್‌ಗಳಿಗೂ ಸಿಕ್ಕ ನೋಟ ಇದು, ಆದರೆ ಬರುವ ಜಾಗ, ಹೊತ್ತು ಸೆಕೆಂಡಿನ ಮಟ್ಟಕ್ಕೆ ಮೊದಲೇ ಗೊತ್ತಿರುವುದು ನಮಗೆ ಮಾತ್ರ.

ಕತ್ತಲಾಗುವ ಹತ್ತು ನಿಮಿಷ ಮೊದಲು ಒಂದು ಬಿಳಿ ಹಾಳೆಯ ಮೇಲೆ ಕೈ ಹಿಡಿಯಿರಿ. ನೆರಳಿನ ಒಂದು ಅಂಚು ಎಷ್ಟು ಚೂಪಾಗಿತ್ತೆಂದರೆ ನನ್ನ ಮುಂಗೈ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಬಿಸಿಲಿಗೆ ಸೀಸದ ಬಣ್ಣ ಬಂತು. ಚಳಿಗೆ ಜಾಕೆಟ್ ಹಾಕಿಕೊಂಡೆ. ಮಧ್ಯಾಹ್ನ 1 ಗಂಟೆ 59 ನಿಮಿಷಕ್ಕೆ ಸೂರ್ಯನ ಕೊನೆಯ ಬೆಳಕು ವಜ್ರದುಂಗುರದ ಹಾಗೆ ಒಮ್ಮೆ ಮಿನುಗಿ ಆರಿತು. ಆಮೇಲೆ ಕರಿ ತೂತು, ಸುತ್ತ ರೇಷ್ಮೆ ಎಳೆಗಳ ಹಾಗೆ ಕರೋನಾ. ಕೆಳಗಿನ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಚುಕ್ಕೆ, ಸೂರ್ಯನಿಂದ ಎದ್ದ ಜ್ವಾಲೆ. ಪಕ್ಕದಲ್ಲಿ ಹಾಡುಹಗಲೇ ಶುಕ್ರ. ದಿಗಂತದ ಸುತ್ತಲೂ ಸಂಜೆಗೆಂಪು. ಯಾರೋ ಕಿರುಚಿದರು. ನಾನೇ ಇರಬಹುದು.

ಇಲ್ಲೇ ನಾನು ಮಾಡಿದ ದಡ್ಡತನ ಹೇಳಬೇಕು. ಕ್ಯಾಮೆರಾದ ಫಿಲ್ಟರ್ ತೆಗೆದು, ಫೋಕಸ್ ಸರಿಮಾಡುವಷ್ಟರಲ್ಲಿ ಮುಕ್ಕಾಲು ನಿಮಿಷ ಹೋಯಿತು. ಸಿಕ್ಕಿದ್ದು ಒಂದು ಮಸುಕು ಚಿತ್ರ. ಮೊದಲ ಸಲ ಹೋಗುವವರು ಕ್ಯಾಮೆರಾ ಚೀಲದಿಂದ ತೆಗೆಯಲೇಬೇಡಿ. ಬೈನಾಕ್ಯುಲರ್ ಒಯ್ಯಿರಿ, ಆದರೆ ಫಿಲ್ಟರ್ ಇಲ್ಲದೆ ನೋಡುವುದು ಪೂರ್ತಿ ಕತ್ತಲಿದ್ದಾಗ ಮಾತ್ರ. ಅದಕ್ಕೂ ಮೊದಲು, ಅದರ ನಂತರ ಬೈನಾಕ್ಯುಲರ್ ಇಲ್ಲದೆ ನೋಡುವಾಗಲೂ ಕಣ್ಣಿಗೆ ಐಎಸ್‌ಒ 12312-2 ಗುರುತಿನ ಗ್ರಹಣದ ಕನ್ನಡಕ ಇರಲೇಬೇಕು. ಕತ್ತಲಲ್ಲೂ ಅದನ್ನು ಹಾಕಿಕೊಂಡೇ ಇದ್ದರೆ ಏನೂ ಕಾಣುವುದಿಲ್ಲ, ಇದನ್ನೂ ಎಷ್ಟೋ ಜನ ಮರೆಯುತ್ತಾರೆ.

ವಾಪಸ್ ಬರುವಾಗ ಎರಡು ಗಂಟೆಯ ದಾರಿಗೆ ಆರು ಗಂಟೆ ಹಿಡಿಯಿತು. ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಹೊರಡುತ್ತಾರಲ್ವಾ! ಆ ರಾತ್ರಿ ಅಲ್ಲೇ ಉಳಿಯುವ ಹಾಗಿದ್ದರೆ ಉಳಿಯಿರಿ. ರೂಮಿಗೆ ಬಂದು ಗೆಳೆಯನನ್ನು ಕೇಳಿದೆ. "ಸ್ವಲ್ಪ ಮಬ್ಬಾಯ್ತು ಅಷ್ಟೇ" ಎಂದ.

ಮುಂದೆ 2027ರ ಆಗಸ್ಟ್ 2ಕ್ಕೆ ಈಜಿಪ್ಟಿನ ಲಕ್ಸರ್ ಹತ್ತಿರ ಆರು ನಿಮಿಷಕ್ಕೂ ಜಾಸ್ತಿ ಕತ್ತಲು. ಚಂದ್ರ ಹತ್ತಿರ ಇರುತ್ತಾನೆ, ಸೂರ್ಯ ವರ್ಷದಲ್ಲೇ ದೂರ ಇರುವ ಕಾಲ ಅದು, ಅದಕ್ಕೇ ಅಷ್ಟು ಹೊತ್ತು. ಮೋಡದ ಭಯ ಇಲ್ಲವೇ ಇಲ್ಲ ಅನ್ನಬಹುದು. ಸೆಖೆ ಮಾತ್ರ ನಲವತ್ತು ಡಿಗ್ರಿ ದಾಟುತ್ತದೆ. ಟೋಪಿ, ನೀರು, ಕೂರಲು ನೆರಳು ಮೊದಲೇ ನೋಡಿಟ್ಟುಕೊಳ್ಳಿ. 2028ರ ಜುಲೈ 22ಕ್ಕೆ ಸಿಡ್ನಿ ನಗರವೇ ಪಟ್ಟಿಯೊಳಗೆ ಬರುತ್ತದೆ. ಓಡಾಟಕ್ಕೆ ಅದು ಸುಲಭ, ಆದರೆ ಅಲ್ಲಿ ಆಗ ಚಳಿಗಾಲ, ಮೋಡದ ಮೇಲೆ ಕಣ್ಣಿಡಬೇಕು.